ಮೂರನೇ ಡ್ರೈವು

ರಾತ್ರಿ ಎರಡು ಗಂಟೆಗೆ ಫೋನು ಬಂದರೆ ಅದು ಮೂರನೇ ಡ್ರೈವಿನ ವಿಷಯವೇ ಎಂದು ಎತ್ತುವ ಮೊದಲೇ ಗೊತ್ತಾಗುತ್ತಿತ್ತು. 2010ರ ಏಪ್ರಿಲ್, ಮೇ ತಿಂಗಳುಗಳವು. ಬೆಂಗಳೂರಿನಲ್ಲಿ ಹಣಕಾಸಿನ ವ್ಯವಹಾರ ನಡೆಸುವ ಒಂದು ಸಂಸ್ಥೆಯ ಡೇಟಾ ಸೆಂಟರಿನಲ್ಲಿ ಬ್ಯಾಕಪ್ ನೋಡಿಕೊಳ್ಳುವುದು ನನ್ನ ಕೆಲಸ. ರಾತ್ರಿ ಪಾಳಿಯ ಹುಡುಗ ಆ ಕಡೆಯಿಂದ, "ಮೇಡಂ, ಮೂರನೇದು ಮತ್ತೆ ಟೇಪ್ ಬಿಡ್ತಾ ಇಲ್ಲ" ಎನ್ನುತ್ತಿದ್ದ. ಅವನ ದನಿಯ ಹಿಂದೆ ಸರ್ವರ್ ರೂಮಿನ ಗಾಳಿಯ ಮೊರೆತ. ನಾನು ಕತ್ತಲಲ್ಲೇ ಎದ್ದು ಲ್ಯಾಪ್‌ಟಾಪ್ ತೆರೆದು ಲಾಗ್ ನೋಡುತ್ತ ಕೂರುತ್ತಿದ್ದೆ. ಬೆಳಗಿನ ಆರಕ್ಕೆ ಶಾಖೆಗಳ ಕೆಲಸಕ್ಕೆ ಸರ್ವರುಗಳನ್ನು ಬಿಟ್ಟುಕೊಡಬೇಕು. ಅಷ್ಟರೊಳಗೆ ಬ್ಯಾಕಪ್ ಮುಗಿಯದಿದ್ದರೆ ಆ ದಿನದ ನಕಲು ಇಲ್ಲವೆಂದೇ ಅರ್ಥ.

ಟೇಪ್ ಲೈಬ್ರರಿಯನ್ನು ನೋಡದವರಿಗಾಗಿ ಒಂದೆರಡು ಮಾತು ಹೇಳಬೇಕು. ಎರಡು ಗಾಡ್ರೇಜ್ ಬೀರು ಜೋಡಿಸಿಟ್ಟಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಗೋಡೆಯುದ್ದಕ್ಕೂ ಗೂಡುಗಳು. ಹಳೇ ಕಾಲದ ಮನೆಗಳಲ್ಲಿ ದೀಪ ಇಡಲು ಗೋಡೆಯಲ್ಲಿ ಗೂಡು ಬಿಡುತ್ತಿದ್ದರಲ್ಲ, ಅಂಥವು, ನೂರಾರು. ಒಂದೊಂದು ಗೂಡಿನಲ್ಲಿ ಅಂಗೈಯಗಲದ ಒಂದು ಟೇಪು. ನಡುವೆ ಕಂಬಿಯ ಮೇಲೆ ಓಡಾಡುವ ರೋಬಾಟ್ ಕೈ. ಅದಕ್ಕೊಂದು ಕಣ್ಣು, ಟೇಪಿನ ಬೆನ್ನಿಗೆ ಅಂಟಿಸಿದ ಬಾರ್‌ಕೋಡ್ ಚೀಟಿಯನ್ನು ಓದಲು. ಕೆಳಗಡೆ ಟೇಪನ್ನು ಓದುವ, ಬರೆಯುವ ಡ್ರೈವುಗಳು. ನಮ್ಮಲ್ಲಿ ನಾಲ್ಕಿದ್ದವು. ಯಾವ ಗೂಡಿನಲ್ಲಿ ಯಾವ ಟೇಪಿದೆ ಎಂಬುದು ಲೈಬ್ರರಿಗೆ ಗೊತ್ತು. ಯಾವ ಟೇಪಿನಲ್ಲಿ ಯಾವ ದಿನದ ಯಾವ ಕಡತವಿದೆ ಎಂಬುದು ಬ್ಯಾಕಪ್ ಸಾಫ್ಟ್‌ವೇರಿಗೆ ಗೊತ್ತು. ಈ ಎರಡು ಲೆಕ್ಕದ ಪುಸ್ತಕಗಳು ಒಂದನ್ನೊಂದು ಒಪ್ಪುವ ತನಕ ಎಲ್ಲ ಸಲೀಸು. ಒಪ್ಪದ ದಿನ, ಟೇಪು ಕಣ್ಣೆದುರಿಗಿದ್ದರೂ ಇಲ್ಲದ ಲೆಕ್ಕವೇ.

ನಮ್ಮದು ಎಲ್‌ಟಿಒ ಎಂಬ ಮಾದರಿಯ ನಾಲ್ಕನೇ ಪೀಳಿಗೆಯ ಟೇಪು. ಒಂದರಲ್ಲಿ 800 ಗಿಗಾಬೈಟ್. ಹಾಡು ಕೇಳುವ ಕ್ಯಾಸೆಟ್ಟಿನಲ್ಲಿ ಎರಡು ಚಕ್ರಗಳಿದ್ದರೆ ಇದರಲ್ಲಿ ಒಂದೇ; ಎರಡನೆಯದು ಡ್ರೈವಿನೊಳಗೆ ಇರುತ್ತದೆ. ಟೇಪಿನ ತುದಿಯಲ್ಲಿ ಒಂದು ಸಣ್ಣ ಪಿನ್ನು. ಡ್ರೈವು ಆ ಪಿನ್ನನ್ನು ಹಿಡಿದು, ತನ್ನ ಹೊಟ್ಟೆಯ ಮೂಲಕ ಎಳೆದು, ತನ್ನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಅರ್ಧ ಇಂಚು ಅಗಲದ ಪಟ್ಟಿ, ಉದ್ದ 820 ಮೀಟರ್. ಅದರ ಮೇಲೆ 896 ಸಾಲುಗಳು. ಒಂದು ಸಲಕ್ಕೆ 16 ಸಾಲು ಬರೆಯುತ್ತ ತುದಿ ಮುಟ್ಟಿ, ಅಲ್ಲಿಂದ ಹಿಂದಕ್ಕೆ ಬರೆಯುತ್ತ ಬಂದು, ಹೀಗೆ 56 ಸಲ ಓಡಾಡಿದರೆ ಟೇಪು ತುಂಬುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ಕಂಡದ್ದು ನಮ್ಮ ಹೊಲ. ಕೊನೆ ಮುಟ್ಟಿದ ಎತ್ತು ಅಲ್ಲೇ ತಿರುಗಿ ಪಕ್ಕದ ಸಾಲು ಹಿಡಿದು ಬರುವುದೂ ಹೀಗೆಯೇ.

ನಮ್ಮೂರು ದೊಡ್ಡಗದ್ದವಳ್ಳಿ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ಸರಿದರೆ ಸಿಗುತ್ತದೆ. ಕೆರೆ, ಅದರ ದಡದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀದೇವಿ ಗುಡಿ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1113-14ರ ಹೊತ್ತಿಗೆ ಕಲ್ಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ್ದು. ನಾಲ್ಕು ಗರ್ಭಗುಡಿಗಳು ಒಂದೇ ನಡುಮನೆಗೆ ತೆರೆದುಕೊಳ್ಳುವಂತಿವೆ. ಒಂದರಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ಕಾಳಿ. ಕಾಳಿಯ ಬಾಗಿಲಲ್ಲಿ ಎಲುಬಿನ ಹಂದರದಂಥ ಬೇತಾಳಗಳು. ಚಿಕ್ಕವಳಿದ್ದಾಗ ಅವುಗಳ ಮುಂದೆ ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದೆ. ಮುಂದೆ ಇಂಜಿನಿಯರಿಂಗ್ ಓದಲು ಹಾಸನದ ಸಾಲಗಾಮೆ ರಸ್ತೆಗೆ ಬಂದೆ. ಅದೇ ರಸ್ತೆಯಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ. 1982ರಿಂದ ದೇಶದ ಇನ್ಸಾಟ್ ಉಪಗ್ರಹಗಳನ್ನು ಅಲ್ಲಿಂದ ನಿಭಾಯಿಸುತ್ತಾರೆ. ಮರಗಳ ಆಚೆ ಬಿಳಿ ಬಟ್ಟಲುಗಳು ಆಕಾಶಕ್ಕೆ ಬಾಯಿ ತೆರೆದು ನಿಂತಿರುವುದನ್ನು ಬಸ್ಸಿನ ಕಿಟಕಿಯಿಂದ ನೋಡುವಾಗ, ಅಲ್ಲಿ ದಿನವಿಡೀ ಬಂದು ಬೀಳುವ ಮಾಹಿತಿಯನ್ನೆಲ್ಲ ಎಲ್ಲಿ ಇಡುತ್ತಾರೆ ಎಂಬ ಯೋಚನೆ ಬರುತ್ತಿತ್ತು. ಇಡುವ ಕೆಲಸಕ್ಕೇ ಮುಂದೊಂದು ದಿನ ಸೇರಿಕೊಂಡೆ.

ಮೂರನೇ ಡ್ರೈವಿನ ಕಾಟ ಶುರುವಾದದ್ದು ಹೀಗೆ. ಬರೆಯುವ ಕೆಲಸ ಮುಗಿಯುತ್ತದೆ. ಡ್ರೈವು ಟೇಪನ್ನು ಹೊರಕ್ಕೆ ತಳ್ಳಬೇಕು, ರೋಬಾಟ್ ಕೈ ಬಂದು ಹಿಡಿದು ಗೂಡಿಗೆ ಒಯ್ಯಬೇಕು. ಆದರೆ ಟೇಪು ಅರ್ಧ ಹೊರಬಂದು ನಿಲ್ಲುತ್ತದೆ. ಕೈ ಮೂರು ಸಲ ಯತ್ನಿಸಿ ಸೋತು, ಡ್ರೈವು ಕೆಟ್ಟಿದೆ ಎಂದು ದೂರು ಬರೆಯುತ್ತದೆ. ಕೈಗಿಂತ ಮೇಲಿನವರೆಲ್ಲ ಅದನ್ನೇ ಓದಿ ಅದನ್ನೇ ನಂಬಿದೆವು. ಡ್ರೈವು ಬದಲಾಯಿಸಿದೆವು. ಹೊಸ ಡ್ರೈವು ಹತ್ತು ದಿನ ಸರಿಯಾಗಿತ್ತು. ಹನ್ನೊಂದನೇ ರಾತ್ರಿ ಅದೂ ಟೇಪು ಬಿಡಲಿಲ್ಲ. ಮತ್ತೊಂದು ತರಿಸಿದೆವು. ಈ ಸಲ ಸರ್ವರನ್ನೂ ಒಮ್ಮೆ ನಿಲ್ಲಿಸಿ ಎಬ್ಬಿಸಿದರು. ಅಲ್ಲಿಂದಾಚೆಗೆ ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಅಲ್ಲಿಯವರೆಗೆ ತಂಟೆಯಿಲ್ಲದೆ ನಡೆದಿದ್ದ ಎರಡನೇ ಡ್ರೈವೂ ಕೈಕೊಡತೊಡಗಿತು. ಸಾಫ್ಟ್‌ವೇರು ಒಳ್ಳೊಳ್ಳೆಯ ಟೇಪುಗಳನ್ನು "ಇದು ನಾನು ಕೇಳಿದ ಟೇಪಲ್ಲ" ಎಂದು ಒಂದೊಂದಾಗಿ ಪಕ್ಕಕ್ಕೆ ಹಾಕುತ್ತ ಹೋಯಿತು.

ಆ ದಿನಗಳಲ್ಲಿ ನಾನು ನಿದ್ದೆಗೆಟ್ಟಿದ್ದೆ. ಅದಕ್ಕಿಂತ ಹೆಚ್ಚಾಗಿ, ಕೈಹಾಕಿದ ಒಂದೊಂದು ರಿಪೇರಿಯೂ ಹೊಸದೊಂದು ತೊಂದರೆ ತರುತ್ತಿದೆ ಎಂಬ ಭಯ ಹಿಡಿದಿತ್ತು. ಮೇಲಿನವರು ಲೈಬ್ರರಿಯನ್ನೇ ಬದಲಾಯಿಸುವ ಮಾತು ಆಡತೊಡಗಿದ್ದರು. ಎರಡು ದಿನ ರಜೆ ಹಾಕಿ ಊರಿಗೆ ಹೋದೆ.

ಮೇ ಕೊನೆ ಎಂದರೆ ನಮ್ಮ ಕಡೆ ಆಲೂಗಡ್ಡೆ ಬಿತ್ತನೆ. ಬಿತ್ತನೆ ಗಡ್ಡೆ ಬರುವುದು ದೂರದ ಪಂಜಾಬಿನ ಜಲಂಧರ್‌ನಿಂದ. ಹಾಸನದ ಶೀತಲಗೃಹಗಳಲ್ಲಿ ಕಾದಿದ್ದು, ಮುಂಗಾರು ಮಳೆ ಎರಡು ಬಿದ್ದೊಡನೆ ಎಪಿಎಂಸಿಯಲ್ಲಿ ಮಾರಾಟಕ್ಕೆ ಬರುತ್ತದೆ. ಅಪ್ಪ ಜಗಲಿಯಲ್ಲಿ ಗೋಣಿ ಹಾಸಿ, ಮಚ್ಚು ಹಿಡಿದು ಗಡ್ಡೆ ಹೋಳು ಮಾಡುತ್ತ ಕೂತಿದ್ದರು. ಒಂದು ಹೋಳಿಗೆ ಎರಡು ಕಣ್ಣಾದರೂ ಇರಬೇಕು. ನಾನು ಪಕ್ಕದಲ್ಲಿ ಕೂತೆ. ಅವರು ಪ್ರತಿ ಚೀಲದ ಮೇಲಿನಿಂದ ಒಂದು, ನಡುವಿನಿಂದ ಒಂದು, ತಳದಿಂದ ಒಂದು ಗಡ್ಡೆ ತೆಗೆದು ಸೀಳಿ ನೋಡುತ್ತಿದ್ದರು. ಚೀಲದ ಬಾಯಿಗೆ ಕಟ್ಟಿದ ಚೀಟಿಯ ಕಡೆ ಅವರ ಕಣ್ಣು ಹೋಗಲೇ ಇಲ್ಲ.

"ಚೀಟೀಲೇ ಎಲ್ಲ ಬರ್ದವ್ರಲ್ಲಪ್ಪಾ" ಎಂದೆ.

"ಚೀಟಿ ನೋಡ್ಕಂಡು ನೆಲಕ್ಕಾಕಕ್ಕಾಯ್ತದಾ ಮಗಾ? ಕುಯ್ದು ಒಳಗ್ ನೋಡ್ಬೇಕು ಕಣವ್ವಾ." ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು ಗಡ್ಡೆ ಸೀಳುತ್ತ ಹೇಳಿದರು: "ಹೋದ್ ವರ್ಷ ಕೆರೆ ಮಗ್ಗುಲ ಹೊಲದಲ್ಲಿ ಎಲ್ಲ ಕೊಳ್ತೋಯ್ತು. ಹೊಲಾನೇ ಸರಿಗಿಲ್ಲ ಅಂದ್ವಿ. ಆ ಹೊಲಕ್ಕೆ ಬಿತ್ತಿದ್ ಚೀಲ ಯಾವ್ದು ಅಂತ ಒಬ್ರಾದ್ರೂ ನೋಡುದ್ವಾ? ಎಲ್ಲ ಒಂದೇ ಲೋಡಿಂದ್ ಬಂದವು."

ಅವರು ತಮ್ಮ ಪಾಡಿಗೆ ಹೇಳಿದ ಮಾತು. ನನಗೆ ಮಾತ್ರ ಮೈ ಜುಮ್ಮೆಂದಿತು. ನಾವು ಎರಡು ತಿಂಗಳಿಂದ ಹೊಲವನ್ನೇ ಬೈಯುತ್ತಿದ್ದೆವು.

ಬೆಂಗಳೂರಿಗೆ ವಾಪಸಾದವಳು ಮೊದಲು ಮಾಡಿದ ಕೆಲಸ, ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೂತದ್ದು. ದಿನ, ಹೊತ್ತು, ಡ್ರೈವು, ಗೂಡು, ಟೇಪಿನ ನಂಬರು, ದೋಷ. ಲಾಗ್‌ನಲ್ಲಿ ಇವೆಲ್ಲವೂ ಮೊದಲಿಂದಲೂ ಇದ್ದವು. ನಾವು ಓದಿದ್ದು ಡ್ರೈವಿನ ಕಾಲಮ್ಮನ್ನು ಮಾತ್ರ. ಟೇಪಿನ ನಂಬರುಗಳನ್ನು ಒಂದರ ಕೆಳಗೊಂದು ಬರೆಯುತ್ತ ಹೋದಂತೆ, ಸಿಕ್ಕಿಹಾಕಿಕೊಂಡ ಟೇಪುಗಳೆಲ್ಲ ತಿಂಗಳ ಕೊನೆಯ ಬ್ಯಾಕಪ್ಪಿನವು ಎಂಬುದು ಕಾಣಿಸಿತು. ವರ್ಷಗಟ್ಟಲೆ ಇಡಬೇಕಾದವು. ದಿನನಿತ್ಯದ ಟೇಪು ಒಂದೂ ಇರಲಿಲ್ಲ. ದಿನದ ಕೆಲಸಕ್ಕೆ ಅಡ್ಡಿಯಾಗದಿರಲೆಂದು ತಿಂಗಳ ಟೇಪುಗಳನ್ನು ಮೂರನೇ ಡ್ರೈವಿಗೇ ಕಳಿಸುವಂತೆ ನಾವೇ ಹಿಂದೆ ನಿಗದಿ ಮಾಡಿದ್ದೆವು. ಅಂದರೆ ಮೂರನೇ ಡ್ರೈವು ಕೆಟ್ಟ ಹೊಲವಲ್ಲದಿರಬಹುದು, ಕೆಟ್ಟ ಚೀಲ ಬಿದ್ದ ಹೊಲವಿರಬಹುದು.

ರಿಪೇರಿಗೆ ಬರುತ್ತಿದ್ದ ಸರ್ವೀಸ್ ಇಂಜಿನಿಯರ್ ಹೊಳೆನರಸೀಪುರದ ಕಡೆಯ ಹಿರಿಯರು. ನೋಟ್‌ಬುಕ್ ತೋರಿಸಿದೆ. ಅವರು ತುಂಬ ಹೊತ್ತು ನೋಡಿ, "ಅದಲು ಬದಲು ಮಾಡಿ ನೋಡಣ ಕಣಮ್ಮ. ಅನುಮಾನ ಇರೋದನ್ನ ಅನುಮಾನ ಇಲ್ಲದೇ ಇರೋ ಕಡೆ ಹಾಕಿ, ಕಾಯಣ" ಎಂದರು. ದಿನದ ಟೇಪೊಂದನ್ನು ಮೂರನೇ ಡ್ರೈವಿಗೆ ಕೊಟ್ಟು ಇಡೀ ರಾತ್ರಿ ಹಾಕುವುದು, ತೆಗೆಯುವುದು ಮಾಡಿಸಿದೆವು. ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ತಿಂಗಳ ಟೇಪೊಂದನ್ನು ಯಾವ ದೂರೂ ಇಲ್ಲದ ಒಂದನೇ ಡ್ರೈವಿಗೆ ಕೊಟ್ಟೆವು. ನಾಲ್ಕನೇ ಸಲಕ್ಕೆ ಅದು ಅರ್ಧ ಹೊರಬಂದು ನಿಂತಿತು.

ಆಗ ಅವರು ಟಾರ್ಚ್ ಹಾಕಿ ಡ್ರೈವಿನ ಬಾಯೊಳಗೆ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಒಳತುಟಿಯ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಹೊಳೆಯುವ ಅಂಟು.

ಕಾರಣ ಚೀಟಿ. ಮಾರ್ಚ್ ತಿಂಗಳಲ್ಲಿ ಬಾರ್‌ಕೋಡ್ ಚೀಟಿಗಳು ಮುಗಿದುಹೋಗಿದ್ದವು. ಟೇಪಿಗೆಂದೇ ಮಾಡಿದ ಚೀಟಿಯ ಗೋಂದು ಬಿಸಿಗೆ ಕರಗುವುದಿಲ್ಲ, ಅಳತೆಯೂ ಟೇಪಿನ ಬೆನ್ನಿನ ಗುಂಡಿಯೊಳಗೆ ಸರಿಯಾಗಿ ಕೂರುವಷ್ಟೇ ಇರುತ್ತದೆ. ಅದು ಬರಲು ತಡವಾಗುತ್ತದೆ ಎಂದು, ಆಫೀಸಿನ ಮಾಮೂಲಿ ಸ್ಟಿಕರ್ ಹಾಳೆಯ ಮೇಲೆ ಬಾರ್‌ಕೋಡ್ ಮುದ್ರಿಸಿ ಕತ್ತರಿಸಿ ಅಂಟಿಸಲಾಯಿತು. ಆ ಹಾಳೆಗೆ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬಳು. ರೋಬಾಟ್‌ನ ಕಣ್ಣು ಅದನ್ನು ತಪ್ಪಿಲ್ಲದೆ ಓದಿತು. ಆದ್ದರಿಂದ ಎಲ್ಲ ಸರಿಯಾಗಿದೆ ಎಂದುಕೊಂಡೆವು. ಆದರೆ ಐದಾರು ಗಂಟೆ ಡ್ರೈವಿನ ಬಿಸಿಯಲ್ಲಿ ಕೂತ ಟೇಪಿನ ಮೇಲೆ ಆ ಗೋಂದು ಮೆತ್ತಗಾಗಿ, ಚೀಟಿಯ ಮೂಲೆ ಏಳುತ್ತಿತ್ತು. ಎದ್ದ ಮೂಲೆ ಡ್ರೈವಿನ ಬಾಯಿಗೆ ತಗಲುತ್ತಿತ್ತು. ದಿನದ ಟೇಪುಗಳು ಹಳೆಯವು, ಅವಕ್ಕೆ ಅಸಲಿ ಚೀಟಿಗಳೇ ಇದ್ದವು.

ಚೀಟಿಗಳನ್ನು ಒಂದೊಂದಾಗಿ ಬಿಡಿಸಿ, ಗೋಂದು ಒರೆಸಿ, ಅಸಲಿ ಚೀಟಿ ತರಿಸಿ ಅಂಟಿಸಲು ನಾಲ್ಕು ದಿನ ಹಿಡಿಯಿತು. ಟೇಪಿಗೆ ಮೊದಲಿದ್ದ ನಂಬರೇ ಮತ್ತೆ ಬರಬೇಕು. ಒಂದು ಅಂಕಿ ತಪ್ಪಿದರೂ ಸಾಫ್ಟ್‌ವೇರಿನ ಪುಸ್ತಕದಲ್ಲಿ ಆ ಟೇಪು ಕಳೆದುಹೋದ ಹಾಗೆ. ಒಬ್ಬರು ಓದಿ ಹೇಳುವುದು, ಇನ್ನೊಬ್ಬರು ಅಂಟಿಸುವುದು, ಮೂರನೆಯವರು ತಾಳೆ ನೋಡುವುದು ಮಾಡಿದೆವು.

ಇಷ್ಟಾದ ಮೇಲೂ "ನಾನು ಕೇಳಿದ ಟೇಪಲ್ಲ" ಎಂಬ ದೂರು ನಿಂತಿರಲಿಲ್ಲ. ಅದಕ್ಕೂ ಚೀಟಿಗೂ ಸಂಬಂಧವೇ ಇಲ್ಲವೆಂದು ಆಗ ಅರ್ಥವಾಯಿತು. ಎರಡು ರೋಗಗಳು ಒಂದರ ಮೇಲೊಂದು ಬಂದು ಒಂದೇ ರೋಗದಂತೆ ಕಂಡಿದ್ದವು. ಎರಡನೆಯದನ್ನು ತಂದದ್ದು ನಮ್ಮ ರಿಪೇರಿಯೇ. ಡ್ರೈವುಗಳಿಗೆ ಲೈಬ್ರರಿ ಒಂದು ಎಣಿಕೆ ಕೊಡುತ್ತದೆ, ಪೆಟ್ಟಿಗೆಯಲ್ಲಿ ಅವು ಕೂತ ಜಾಗದ ಪ್ರಕಾರ. ಸರ್ವರು ತಾನು ಎದ್ದಾಗ ಯಾವುದು ಮೊದಲು ಕಂಡಿತೋ ಆ ಪ್ರಕಾರ ಇನ್ನೊಂದು ಎಣಿಕೆ ಕೊಡುತ್ತದೆ. ಹಳ್ಳಿಯಲ್ಲಿ ಮೂರನೇ ಮನೆ ಎಂದರೆ ಕೆರೆ ಕಡೆಯಿಂದ ಎಣಿಸಿದ್ದೋ, ಊರಬಾಗಿಲ ಕಡೆಯಿಂದಲೋ? ಹೊಸ ಡ್ರೈವು ಹಾಕಿ ಸರ್ವರನ್ನು ಎಬ್ಬಿಸಿದ ದಿನ ಎರಡು ಮತ್ತು ಮೂರರ ಹೆಸರು ಅದಲುಬದಲಾಗಿತ್ತು. ರೋಬಾಟ್ ಟೇಪನ್ನು ಮೂರರಲ್ಲಿ ಇಡುತ್ತಿತ್ತು, ಸರ್ವರು ಎರಡರಲ್ಲಿ ಹುಡುಕುತ್ತಿತ್ತು. ಅಲ್ಲಿ ಏನೂ ಇಲ್ಲದಿದ್ದರೆ ಕಾದು ಸೋಲುವುದು. ಬೇರೆ ಟೇಪು ಇದ್ದರೆ ಅದರ ತಲೆಬರಹ ಓದಿ, ತಾನು ಕೇಳಿದ್ದಲ್ಲವೆಂದು ತಳ್ಳುವುದು. ಆ ತಲೆಬರಹ ಓದುವ ಪದ್ಧತಿ ಸಾಫ್ಟ್‌ವೇರಿನಲ್ಲಿ ಇಲ್ಲದೇ ಹೋಗಿದ್ದರೆ ಒಂದು ಟೇಪಿನ ಮೇಲೆ ಇನ್ನೊಂದನ್ನು ಬರೆದು ಅಳಿಸಿಹಾಕಿರುತ್ತಿತ್ತು. ಇವತ್ತಿಗೂ ನೆನೆದರೆ ಎದೆ ನಡುಗುತ್ತದೆ. ಡ್ರೈವಿನ ಮೈಮೇಲಿನ ಸೀರಿಯಲ್ ನಂಬರನ್ನು ಟಾರ್ಚಿನಲ್ಲಿ ಓದಿ, ಎರಡೂ ಎಣಿಕೆಗಳನ್ನು ಆ ನಂಬರಿಗೇ ಕಟ್ಟಿದೆವು. ಅರ್ಧ ಗಂಟೆಯ ಕೆಲಸ.

ಕಾಟ ಮುಗಿಯಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ಅಪ್ಪ ತಳದ ಗಡ್ಡೆ ಸೀಳಿ ನೋಡುತ್ತಿದ್ದ ಚಿತ್ರ ಕಣ್ಣಿಂದ ಹೋಗಲಿಲ್ಲ. ಇಟ್ಟ ಟೇಪುಗಳನ್ನು ಒಂದೊಂದಾಗಿ ಹಾಕಿ ಪೂರ್ತಿ ಓದಿಸಬೇಕು ಎಂದು ಕೇಳಿದೆ. ಬರೆದಾಗ ಯಶಸ್ವಿ ಎಂದು ವರದಿ ಬಂದಿದೆಯಲ್ಲ, ಮತ್ತೇಕೆ ಎಂದರು. ಹಟ ಹಿಡಿದೆ. ತಿಂಗಳ ಟೇಪುಗಳು 40 ಇದ್ದವು. ಓದಿಸಲು ಮೂರು ವಾರ ಬೇಕಾಯಿತು. 38 ಚೆನ್ನಾಗಿದ್ದವು. ಒಂದರ ಅಂಚು ಹರಿದಿತ್ತು, ಸಿಕ್ಕಿಕೊಂಡಾಗ ಯಾರೋ ಕೈಯಲ್ಲಿ ಎಳೆದಿದ್ದರು. ಇನ್ನೊಂದರಲ್ಲಿ ಬ್ಯಾಕಪ್ ಅರ್ಧಕ್ಕೇ ನಿಂತಿತ್ತು. ವರದಿಯಲ್ಲಿ ಅದು ಹಸಿರೂ ಅಲ್ಲದೆ ಕೆಂಪೂ ಅಲ್ಲದೆ ಹಳದಿಯಾಗಿ ಬಂದಿತ್ತು. ಹಳದಿಯನ್ನು ನಾವು ಓದುತ್ತಿರಲಿಲ್ಲ. ಮೊದಲನೆಯದರ ನಕಲು ಬೇರೆ ಊರಿನಲ್ಲಿತ್ತು. ಎರಡನೆಯದಕ್ಕೆ ಇರಲಿಲ್ಲ.

ಮರುವರ್ಷ, 2011ರ ಫೆಬ್ರವರಿ ಕೊನೆಯಲ್ಲಿ, ಜಿಮೇಲ್‌ನ ಕೆಲವು ಬಳಕೆದಾರರ ಪತ್ರಗಳೆಲ್ಲ ಒಮ್ಮೆಲೇ ಮಾಯವಾದವು. ಒಂದು ಸಾಫ್ಟ್‌ವೇರ್ ದೋಷದಿಂದ ಒಟ್ಟು ಬಳಕೆದಾರರಲ್ಲಿ ಶೇಕಡ 0.02ರಷ್ಟು ಜನಕ್ಕೆ ಹೀಗಾಗಿತ್ತು. ಹಲವು ಕಡೆ ಇಟ್ಟಿದ್ದ ನಕಲುಗಳನ್ನೂ ಅದೇ ದೋಷ ಮುಟ್ಟಿತ್ತು. ಕೊನೆಗೆ ಗೂಗಲ್ ಟೇಪಿನಿಂದ ಓದಿ ವಾಪಸು ಕೊಟ್ಟಿತು. ತಂತಿಯ ಸಂಪರ್ಕವಿಲ್ಲದೆ ಗೂಡಿನಲ್ಲಿ ಸುಮ್ಮನೆ ಕೂತ ಟೇಪನ್ನು ಆ ದೋಷ ಮುಟ್ಟಲಾಗಿರಲಿಲ್ಲ. ಟೇಪಿನ ಕಾಲ ಮುಗಿಯಿತು ಎಂದು ಹೇಳುತ್ತಿದ್ದ ಸಹೋದ್ಯೋಗಿಗಳಿಗೆ ನಾನು ಆ ಸುದ್ದಿಯನ್ನು ಓದಿ ಹೇಳಿದೆ. ಇದಕ್ಕೆ ತಿರುವುಮುರುವಾದ ಸುದ್ದಿ 2009ರಲ್ಲಿ ಬಂದಿತ್ತು. ಚಂದ್ರನ ಮೇಲೆ ಮನುಷ್ಯ ಮೊದಲು ಕಾಲಿಟ್ಟ 1969ರ ದೃಶ್ಯಗಳ ಮೂಲ ಸಂಕೇತವಿದ್ದ ಟೇಪುಗಳನ್ನು ಹುಡುಕಿ ಹುಡುಕಿ, ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಬಿಟ್ಟಿರಬೇಕು ಎಂಬ ತೀರ್ಮಾನಕ್ಕೆ ನಾಸಾ ಬಂದಿತ್ತು. ಟೇಪು ಎರಡು ಕಡೆಯೂ ಒಂದೇ ಜಾತಿಯ ವಸ್ತು. ಒಂದು ಕಡೆ ಅದರಲ್ಲಿ ಏನಿದೆಯೆಂದು ಬಲ್ಲವರಿದ್ದರು.

ಇಟ್ಟದ್ದನ್ನು ಬಿಚ್ಚಿ ಓದಿದ್ದಕ್ಕೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಇದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಗಳನ್ನು ಗುರುತಿಸಿದರು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಓಲೆಗಳು ಅಲ್ಲಿ ಭದ್ರವಾಗಿಯೇ ಇದ್ದವು. ಆದರೆ ಶಾಮಶಾಸ್ತ್ರಿಗಳು ಬಿಚ್ಚಿ ಓದುವ ತನಕ ಆ ಗ್ರಂಥ ಹೆಸರಷ್ಟೇ ಆಗಿ ಉಳಿದಿತ್ತು. ಅವರನ್ನು ನಾನು ನಮ್ಮ ಕಸುಬಿನ ಹಿರಿಯರೆಂದೇ ಎಣಿಸುತ್ತೇನೆ.

2016ರಲ್ಲಿ ಆ ಲೈಬ್ರರಿಯನ್ನು ತೆಗೆದು ಹೊಸದನ್ನು ತಂದರು. ಅದರ ಏಳನೇ ಪೀಳಿಗೆಯ ಡ್ರೈವು ತನಗಿಂತ ಎರಡು ತಲೆಮಾರು ಹಿಂದಿನದನ್ನು, ಅಂದರೆ ಐದನೆಯದರ ತನಕ ಮಾತ್ರ ಓದುತ್ತದೆ. ನಮ್ಮ ನಾಲ್ಕನೆಯದನ್ನು ಓದಲಾರದು. ಆದ್ದರಿಂದ ಹಳೆಯದನ್ನು ಐದು ತಿಂಗಳು ಹಾಗೇ ಉಳಿಸಿಕೊಂಡು, ಇಡಬೇಕಾದ ಟೇಪುಗಳನ್ನೆಲ್ಲ ಓದಿಸಿ ಹೊಸದಕ್ಕೆ ನಕಲು ಮಾಡಿದೆವು. ಮೂರನೇ ಡ್ರೈವು ಕೊನೆಯ ದಿನದ ತನಕವೂ ಓದಿತು.

2020ರ ನವೆಂಬರಿನಲ್ಲಿ ನಾನು ಊರಲ್ಲಿದ್ದೆ. ಕೊರೋನಾದಿಂದಾಗಿ ಮನೆಯಿಂದಲೇ ಕೆಲಸ. ಒಂದು ಬೆಳಿಗ್ಗೆ ಗುಡಿಯ ಕಾಳಿ ವಿಗ್ರಹ ಒಡೆದುಬಿದ್ದಿದೆ ಎಂಬ ಸುದ್ದಿ ಕೇಳಿ ಊರೆಲ್ಲ ಅಲ್ಲಿಗೆ ಓಡಿತು. ಒಂಬೈನೂರು ವರ್ಷ ನಿಂತಿದ್ದ ಬಳಪದ ಕಲ್ಲಿನ ಮೂರ್ತಿ. ಹೆಂಗಸರು ಅಳುತ್ತಿದ್ದರು. ಮನೆಗೆ ಬಂದವಳು ಟ್ರಂಕು ತೆಗೆದೆ. 2005ರಲ್ಲಿ ಗುಡಿಯ ಬಾಗಿಲಲ್ಲಿ ಅಪ್ಪನನ್ನು ನಿಲ್ಲಿಸಿ ಫೋಟೊ ತೆಗೆದು, ಮರುವರ್ಷ ಒಂದು ಸಿಡಿಯಲ್ಲಿ ಬರೆದಿಟ್ಟಿದ್ದೆ. ಅಪ್ಪ ತೀರಿಕೊಂಡು ಆಗ ಎರಡು ವರ್ಷ. ಸಿಡಿಯ ಮೇಲೆ ನನ್ನದೇ ಕೈಬರಹದಲ್ಲಿ ಊರು, ವರ್ಷ ಎಲ್ಲ ಸ್ಪಷ್ಟವಾಗಿತ್ತು. ಹಾಕಿದರೆ ಓದಲಿಲ್ಲ. ಹಾಸನದಲ್ಲಿ ಇಬ್ಬರ ಹತ್ತಿರ, ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ತೋರಿಸಿದೆ. ಹನ್ನೊಂದು ಚಿತ್ರ ಸಿಕ್ಕವು. ಅಪ್ಪ ನಿಂತಿದ್ದು ಸಿಗಲಿಲ್ಲ. ನಲವತ್ತು ಟೇಪುಗಳನ್ನು ಹಟ ಹಿಡಿದು ಓದಿಸಿದವಳು ಈ ಒಂದನ್ನು ಹದಿನಾಲ್ಕು ವರ್ಷ ತೆಗೆದು ನೋಡಿರಲಿಲ್ಲ.

ನಿಮ್ಮ ಮನೆಯ ಬೀರುವಿನಲ್ಲೂ ಹಳೆಯ ಸಿಡಿ, ಕ್ಯಾಸೆಟ್ಟು, ಪೆನ್‌ಡ್ರೈವು ಇರುತ್ತವೆ. ಮದುವೆಯದು, ಅಜ್ಜಿಯ ದನಿಯದು, ಈಗಿಲ್ಲದವರದು. ಬರುವ ಭಾನುವಾರ ಒಂದನ್ನು ಹೊರತೆಗೆದು ಹಾಕಿ ನೋಡಿ. ಓದಿದರೆ ಅವತ್ತೇ ಇನ್ನೊಂದು ನಕಲು ಮಾಡಿ, ಬೇರೆಯವರ ಮನೆಯಲ್ಲಿ ಇಡಿ. ಆಫೀಸಿನಲ್ಲಿ ಬ್ಯಾಕಪ್ ಇದೆ ಎಂದು ಯಾರಾದರೂ ಹೇಳಿದರೆ, ಅದನ್ನು ಕೊನೆಯ ಸಲ ಓದಿಸಿದ ತಾರೀಖು ಯಾವುದು ಎಂದು ಕೇಳಿ.